ಸುಂದರೇಶನ ಸಾಲು

“ನಿಮ್ಮಪ್ಪನಿಗೇ ಎಡೆ ಇಡ್ತೀಯೇನೆ?” ಚಿಕ್ಕಕ್ಕ ಮೊಮ್ಮಗಳ ಲ್ಯಾಪ್‌ಟಾಪನ್ನು ದೂಡಿದಳು. ಮಹಾಲಯ ಅಮಾವಾಸ್ಯೆಯಂದು ತೀರಿಹೋದವರಿಗೆ ಒಂದೊಂದು ಬಾಳೆಲೆ ಹಾಕಿ ಎಡೆ ಇಡುವುದು ಪದ್ಧತಿ. ಬಾಳಗಡಿಯ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯತೊಡಗಿದ್ದ ಪವಿತ್ರಾ, ಯಾರ್ಯಾರಿಗೆ ಎಡೆ ಇಡಬೇಕೆಂದು ಹೇಳುವ ಪ್ರೋಗ್ರಾಮನ್ನೇ ಅಭ್ಯಾಸಕ್ಕೆಂದು ಬರೆದಿದ್ದಳು. ಪರದೆಯ ಕೊನೆಯಲ್ಲಿ ‘ಸುಂದರೇಶ: ಎಡೆ ಇಡಿ’ ಎಂದು ಬಂದಿತ್ತು. ಹನ್ನೆರಡು ವರ್ಷದ ಹಿಂದೆ ತುಂಗೆಯಲ್ಲಿ ಕೊಚ್ಚಿಹೋದ ಸುಂದರೇಶನ ಹೆಣ ಸಿಕ್ಕಿರಲಿಲ್ಲ. ಮಗ ಸತ್ತನೆಂದು ಚಿಕ್ಕಕ್ಕನ ಎದುರು ಯಾರೂ ಹೇಳುವಂತಿರಲಿಲ್ಲ.

“ಲೂಪು ಮನೆಯವರ ಹೆಸರನ್ನೆಲ್ಲ ಒಂದೊಂದಾಗಿ ನೋಡ್ತದೆ ಅಜ್ಜಿ. ‘ಇದ್ದಾರೆ’ ಅಂತ ಬರೆದಿದ್ರೆ ಬಿಡ್ತದೆ, ಇಲ್ಲದಿದ್ರೆ ಎಡೆ ಇಡಿ ಅಂತದೆ. ಅಪ್ಪನ ಮುಂದೆ ನಂಗೆ ಏನೂ ಬರೆಯಕ್ಕಾಗ್ಲಿಲ್ಲ.”

“ಈಗ ಬರಿ, ಇದ್ದಾನೆ ಅಂತ.”

“ನಾ ಬರೆಯಲ್ಲ. ನೀನೇ ಬರಿ.”

“ನಂಗೆ ಅಕ್ಷರ ಬರಲ್ಲ ಅಂತ ಮಾಡಿದ್ಯಾ?” ಚಿಕ್ಕಕ್ಕ ಸಿಟ್ಟಿನಿಂದಲೇ ಕೂತು, ಹುಡುಕಿ ಹುಡುಕಿ ‘ಇ’ ಒತ್ತಿದಳು. ಮುಂದಿನ ಅಕ್ಷರದ ಮೇಲೆ ಬೆರಳು ನಿಂತಿತು. ಎಷ್ಟು ಹೊತ್ತಾದರೂ ಅದು ಕೆಳಗಿಳಿಯಲಿಲ್ಲ. ಕೊನೆಗೆ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದಳು.

“ಎಂತ ನೋಡ್ತೀಯ? ಹೋಗಿ ಇನ್ನೊಂದು ಬಾಳೆಲೆ ಕೊಯ್ಕೊಂಡು ಬಾ. ಹರಿದಿದ್ದು ತರಬೇಡ.”