ಬಾಗಿಲ ಬದಿಯ ಕಲ್ಲು

ಸ್ಕಾಟ್ಲೆಂಡಿನ ಆ ಹಳ್ಳಿಯ ಕೋಟೆ ಪಾಳುಬಿದ್ದಾಗ ಅದರ ಕಲ್ಲುಗಳು ಒಂದೊಂದಾಗಿ ಊರವರ ಕೊಟ್ಟಿಗೆ, ಒಲೆ, ಹಿತ್ತಿಲು ಸೇರಿದ್ದವು. ತನ್ನ ಅಜ್ಜಿಯ ಬಾಯಲ್ಲಿ ರಾಜರಾಣಿಯರ ಕತೆ ಕೇಳಿ ಬೆಳೆದ ರೇವತಿ ಆ ಕೋಟೆಯನ್ನೇ ಕೊಂಡು, ಮತ್ತೆ ಕಟ್ಟುತ್ತೇನೆಂದು ಮನೆಮನೆಗೂ ಹೋಗಿ ಕಲ್ಲು ಕೇಳಿದಳು. "ಒಲೆಗಲ್ಲೂ ಒಯ್ದೆ, ಇನ್ನು ನಮ್ಮ ಹಲ್ಲೊಂದು ಬಾಕಿ" ಎಂದು ನಗುತ್ತಲೇ ಎಲ್ಲರೂ ಕೊಟ್ಟರು. ಹೆಬ್ಬಾಗಿಲ ಬದಿಯ ಒಂದು ಕಲ್ಲು ಮಾತ್ರ ಸಿಗಲಿಲ್ಲ. ಅದಿಲ್ಲದೆ ಬಾಗಿಲು ಕೂರುವಂತಿರಲಿಲ್ಲ.

ಕೊನೆಗೊಂದು ದಿನ ಅದೇ ಹಳ್ಳಿಯ ಮೊರಾಗ್ ಎಂಬ ಅಜ್ಜಿ ಅದನ್ನು ತಳ್ಳುಗಾಡಿಯಲ್ಲಿ ತರಿಸಿದಳು.

"ಇಷ್ಟು ದಿನ ಯಾಕಜ್ಜಿ ಬಚ್ಚಿಟ್ಟಿದ್ರಿ?"

"ಕೊಡೋಕೆ ಮನಸ್ಸೇ ಬರ್ಲಿಲ್ಲ ಮಗಳೇ. ಆದ್ರೆ ನಾನು ಹೋದ್ಮೇಲೆ ಇದನ್ನ ಹುಲ್ಲು ಮುಚ್ಚಿಬಿಡುತ್ತೆ. ನಿನ್ನ ಬಾಗಿಲಲ್ಲಾದ್ರೆ ನಾಲ್ಕು ಜನ ನೋಡ್ತಾರೆ."

ರೇವತಿ ಹಿಗ್ಗಿಹೋದಳು. ಕಲ್ಲಿನ ಪಾಚಿಯನ್ನು ತಾನೇ ಉಜ್ಜಿದಳು. ಅದರಡಿಯಲ್ಲಿ ಯಾರೋ ಮೊಳೆಯಿಂದ ಗೀಚಿದಂಥ ಸೊಟ್ಟ ಗೆರೆಗಳಿದ್ದವು. ಅವನ್ನೂ ಉಳಿಯಿಂದ ತೆಗೆದು, ನುಣುಪು ಮಾಡಿ, ಬಾಗಿಲ ಬದಿಗೆ ಕೂರಿಸಿದಳು.

ಬಾಗಿಲು ತೆರೆದ ದಿನ ಊರೆಲ್ಲ ನೆರೆಯಿತು. ಅಜ್ಜಿ ಆ ಕಲ್ಲಿನ ಮುಂದೆ ನಿಂತು ಅಂಗೈಯಿಂದ ಮೇಲೆ ಕೆಳಗೆ ತಡವತೊಡಗಿದಳು.

"ಅದೇ ನಿಮ್ಮ ಕಲ್ಲು ಅಜ್ಜಿ. ಗೀಚಿದ್ದನ್ನೆಲ್ಲ ತೆಗೆದೆ. ಈಗ ಮದುಮಗಳ ಕೆನ್ನೆ ಹಾಗಿದೆ, ಅಲ್ವಾ?"

ಅಜ್ಜಿಯ ಕೈ ನಿಂತಿತು.

"ನನ್ನ ಗಂಡನಿಗೆ ಓದುಬರಹ ಅಷ್ಟಕ್ಕಷ್ಟೇ ಮಗಳೇ. ಕೂಸನ್ನ ಮಣ್ಣು ಮಾಡಿದ ದಿನ, ಅವಳ ಹೆಸರು ಕೆತ್ತೋಕೆ ಬೆಳಿಗ್ಗೆಯಿಂದ ಕತ್ತಲಾಗೋವರೆಗೂ ಕೂತಿದ್ದ."