ತೆನೆಯ ಹಾಲು

“ನೋಡಿ, ನಿಮ್ಮ ಲುಂಗಿ!”

ಲವಿನಾ ಬಾಲ್ಕನಿಯ ಹಗ್ಗದಿಂದ ಲುಂಗಿಯನ್ನು ಎಳೆದು, ಒದ್ದೆಯಿದ್ದ ಹಾಗೆಯೇ ವ್ಯಾಲೆಂಟೈನನ ಕೈಗೆ ತುರುಕಿದಳು. ಹಿಂದೆಯೇ ಶೇವಿಂಗ್ ಸೆಟ್ಟು, ಬಾಚಣಿಗೆ, ಬ್ರಶ್ಶು. ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲಕ್ಕೆ.

“ಮೆಟ್ಟಿಲ ಕಡೆಯಿಂದ ಹೋಗಿ. ಲಿಫ್ಟಿನಲ್ಲಿ ಹೋದರೆ ಎದುರಿಗೇ ಸಿಕ್ಕಿಬೀಳ್ತೀರಿ.”

“ಒಂದು ಚಪ್ಪಲಿ ಕಾಣ್ತಿಲ್ಲ.”

“ಒಂದರಲ್ಲೇ ಹೋಗಿ!”

“ಹಬ್ಬದ ದಿನವೇ ಓಡಿಸ್ತೀಯಲ್ಲ,” ವ್ಯಾಲೆಂಟೈನ್ ನಗಲು ನೋಡಿದ. “ನನ್ನ ಪಾಲಿನ ತೆನೆ?”

“ತೆಗೆದಿಡ್ತೇನೆ. ಯಲ್ಲಾ, ಹೊರಡಿ!”

ಒಳಕೋಣೆಗೆ ತಪ್ಪದೆ ಬಾಡಿಗೆ ಕೊಡುವ ಮನುಷ್ಯ, ಕಳ್ಳನ ಹಾಗೆ ಮೆಟ್ಟಿಲಿಳಿದ.

ಹೊರಗಿನ ಹಾಲ್‌ನಲ್ಲಿ ಜುವಾಕಿಂ ಊರಿಗೆ ಫೋನಿನಲ್ಲಿದ್ದ. “ಅಮ್ಮನಿಗೆ ಗಂಜಿ ಇಳೀತಾ? ಅವರನ್ನು ನೋಡ್ತಾ ನೀನು ಉಪವಾಸ ಕೂರಬೇಡ.” ಫೋನು ಇಟ್ಟು ಕಣ್ಣೊರೆಸಿಕೊಂಡ. ಊರುಗೋಲನ್ನು ಗೋಡೆಗೆ ಒರಗಿಸಿದ. ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡ.

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಮಗುಚಿದಾಗ ಅವನ ಬಲಗಾಲು ಹೋಗಿತ್ತು. ಕಂಪನಿ ಅವನನ್ನು ಟೆಲಿಫೋನಿನ ಮುಂದೆ ಕೂರಿಸಿ, ದುಬೈಯ ಊದ್ ಮೇಥಾದ ಈ ಮನೆಗೆ ವಸತಿ ಭತ್ಯೆ ಕೊಟ್ಟಿತು. ಷರತ್ತು ಇಷ್ಟೆ: ನೋಡಿಕೊಳ್ಳಲು ಹೆಂಡತಿ ಜೊತೆಗಿರಬೇಕು, ಹೊರಗಿನವರು ಇರಕೂಡದು. ಕಂಪನಿಯ ಲೆಕ್ಕಕ್ಕೆ ಈ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರೇ. ಭತ್ಯೆ ನಿಂತರೆ ಜುವಾಕಿಂ ಮತ್ತೆ ಲೇಬರ್ ಕ್ಯಾಂಪಿಗೆ: ಲಿಫ್ಟಿಲ್ಲದ ಕಟ್ಟಡ, ಏಣಿ ಹತ್ತುವ ಮಂಚ, ಒಂದೇ ಕಾಲು. ಲವಿನಾ ಊರಿಗೆ. ಈಗ ಯಾರೋ ಪುಣ್ಯಾತ್ಮರು ಆಫೀಸಿಗೆ ಫೋನು ಮಾಡಿದ್ದರು, ಆ ಬಾಲ್ಕನಿಯಲ್ಲಿ ಎರಡು ಅಳತೆಯ ಪ್ಯಾಂಟು ಒಣಗುತ್ತವೆ ಎಂದು. ತಪಾಸಣೆಯವನು ಕೆಳಗೆ ಬಂದಿದ್ದಾನೆಂದು ವಾಚ್‌ಮನ್ ಆಗಷ್ಟೇ ತಿಳಿಸಿದ್ದ.

ಬೆಲ್ಲಾಯಿತು.

ಕಂಪನಿಯ ವಸತಿ ವಿಭಾಗದ ಇವಾನ್ ಬೆಳ್ಮಣ್ಣು ಕಡೆಯವನು. ಹೊಸ ತೆನೆ ಹಂಚುವ ಮೊಂತಿ ಹಬ್ಬದ ಶುಕ್ರವಾರವನ್ನು ಬೇಕೆಂದೇ ಆರಿಸಿಕೊಂಡಿದ್ದ. ಚರ್ಚಿನಲ್ಲಿ ಪೂಜೆ ಮುಗಿಸಿ ಇವತ್ತು ನಮ್ಮವರೆಲ್ಲ ಮನೆಯಲ್ಲೇ ಇರುತ್ತಾರೆ. ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ದಿನವಿಲ್ಲ.

ಅವನು ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದ. ಶೇವಿಂಗ್ ಲೋಷನ್ನಿನ ವಾಸನೆ ಇನ್ನೂ ಹೋಗಿರಲಿಲ್ಲ; ಜುವಾಕಿಮನಿಗೆ ಎದೆಯವರೆಗೆ ಗಡ್ಡ. ಲವಿನಾಳಿಗೆ ಅಜ್ಜಿಯ ಕಥೆಯ ರಾಕ್ಷಸಿ ನೆನಪಾದಳು, ಬಾಗಿಲಲ್ಲಿ ನಿಂತು “ನರವಾಸನೆ, ನರವಾಸನೆ” ಎಂದು ಮೂಗರಳಿಸುತ್ತಿದ್ದವಳು. ಆ ಕಥೆಯ ಹುಡುಗಿಗೆ ರಾಜಕುಮಾರನನ್ನು ನೊಣ ಮಾಡಿ ಗೋಡೆಗೆ ಅಂಟಿಸುವ ವಿದ್ಯೆ ಗೊತ್ತಿತ್ತು. ಲವಿನಾಳಿಗೆ ಗೊತ್ತಿದ್ದದ್ದು ಮೆಟ್ಟಿಲು ಮಾತ್ರ.

“ಇಲ್ಲೇನಿತ್ತು?” ಇವಾನ್ ದೇವರ ಅಲ್ತಾರಿನ ಪಕ್ಕದ ಗೋಡೆ ನೋಡುತ್ತಿದ್ದ. ಬಣ್ಣ ಮಾಸದ ಒಂದು ಚೌಕ.

“ಮದುವೆ ಫೋಟೊ,” ಎಂದಳು ಲವಿನಾ. “ಗಾಜು ಒಡೀತು.”

ಸೋಫಾದಲ್ಲಿ ಕೂರುವಾಗ ಇವಾನನ ಕಾಲಿಗೆ ಏನೋ ತಗುಲಿತು. ಬಗ್ಗಿ ಎಳೆದ. ಗಂಡಸರ ಚಪ್ಪಲಿ. ಬಲಗಾಲಿನದು.

ಲವಿನಾ ಜುವಾಕಿಮನ ಕಡೆ ನೋಡಿದಳು.

“ಅದಾ?” ಜುವಾಕಿಂ ಜೋರಾಗಿ ನಕ್ಕ. “ಕಾಲು ಎಲ್ಲಾದರೂ ವಾಪಸ್ ಬಂದ್ರೆ ಇರಲಿ ಅಂತ ಇಟ್ಟಿದ್ದೇನೆ ಮಾರಾಯ.”

ಇವಾನ್ ಬಾಗಿಲ ಬಳಿಯಿದ್ದ ಜುವಾಕಿಮನ ಎಡಗಾಲಿನ ಚಪ್ಪಲಿಯನ್ನು ನೋಡಿದ. ಕೈಯಲ್ಲಿದ್ದದ್ದು ಅದಕ್ಕಿಂತ ಒಂದು ಬೆರಳು ಉದ್ದ. “ಕಾಲು ಬೆಳೆದು ಬರ್ತದೆ ಅಂತ ಕಾಣ್ತದೆ,” ಎಂದ. ನಗಲಿಲ್ಲ.

ಹಬ್ಬದ ಮನೆಗೆ ಬಂದವನನ್ನು ತೆನೆ ಕೊಡದೆ ಕಳಿಸುವಂತಿಲ್ಲ. ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿಟ್ಟಿದ್ದಳು ಲವಿನಾ. ಮನೆಯ ಯಜಮಾನ ಪ್ರಾರ್ಥಿಸಿ, ತನ್ನ ಕೈಯಾರೆ ಹಂಚಬೇಕು. ಅದನ್ನು ಕುಡಿಯದೆ ಅನ್ನ ಮುಟ್ಟುವಂತಿಲ್ಲ. ಜುವಾಕಿಂ ಶಿಲುಬೆಯ ಗುರುತು ಹಾಕಿದ. ಮೊದಲ ಬಟ್ಟಲನ್ನು ಲವಿನಾಳಿಗೆ ಚಾಚಿದ.

ಅವಳು ತೆಗೆದುಕೊಂಡಳು. ತುಟಿಯವರೆಗೆ ಎತ್ತಿದಳು. ಕೆಳಗಿಟ್ಟಳು.

“ಪಲ್ಯ ತಳ ಹಿಡೀತದೆ,” ಎಂದು ಒಳಗೆ ಓಡಿದಳು.

ಮರಳಿ ಬಂದಾಗ ಬಟ್ಟಲು ಅಲ್ಲೇ ಇತ್ತು. ಇವಾನನ ಕಣ್ಣೂ ಅಲ್ಲೇ ಇತ್ತು.

“ನೀವು ಕುಡಿಲಿಲ್ಲ?”

“ಆಮೇಲೆ.”

“ಊಟ?”

“ಹಸಿವಿಲ್ಲ. ನೀವು ಬಡಿಸ್ಕೊಳ್ಳಿ, ಕೆಸುವಿನ ಪಲ್ಯ ಹಾಕ್ಲಾ?”

ಅವನು ಊಟ ಮಾಡಿದ. ಜುವಾಕಿಮನೂ ಉಂಡ. ಲವಿನಾ ಬಡಿಸುತ್ತ ನಿಂತೇ ಇದ್ದಳು. ಕೈ ತೊಳೆದ ಇವಾನ್ ಅಲ್ತಾರಿನ ಎದುರು ಬಂದು ನಿಂತ. ಅಲ್ಲಿ ತಟ್ಟೆ ಮುಚ್ಚಿಟ್ಟ ಇನ್ನೊಂದು ಬಟ್ಟಲಿತ್ತು.

“ಇದು ಯಾರದ್ದು?”

“ಮನೆಯಲ್ಲಿ ಇಲ್ಲದವರ ಪಾಲು,” ಎಂದಳು ಲವಿನಾ. “ಎಲ್ಲರೂ ಇಡ್ತಾರಲ್ಲ.”

“ಮನೆಯವರಿಗೆ ಇಡ್ತಾರೆ,” ಎಂದ ಇವಾನ್. “ಬಾಡಿಗೆಯವರಿಗೆ ಇಟ್ಟದ್ದನ್ನು ನಾನು ನೋಡಿಲ್ಲ.”

ಅವನು ಒಂದು ಕೈಯಲ್ಲಿ ಬಟ್ಟಲೆತ್ತಿಕೊಂಡ. ಇನ್ನೊಂದು ಕೈಯಲ್ಲಿ ಚಪ್ಪಲಿ.

“ಇವೆರಡೂ ನನ್ನ ಹತ್ರ ಇರಲಿ.”

“ಇವಾನ್,” ಜುವಾಕಿಂ ಊರುಗೋಲು ಊರಿ ಎದ್ದ. ನಗೆ ಎಲ್ಲೋ ಹೋಗಿತ್ತು. “ಕ್ಯಾಂಪಿನ ಮೆಟ್ಟಿಲು ನನ್ನಿಂದ ಆಗುವುದಿಲ್ಲ ಮಾರಾಯ.”

ಇವಾನ್ ಹೊರಗೆ ನಡೆದ. ಲಿಫ್ಟಿನ ಎದುರು ಒಂದು ಗಳಿಗೆ ನಿಂತ. ಆಮೇಲೆ ಮೆಟ್ಟಿಲ ಕಡೆ ತಿರುಗಿದ.

ಖಲಾಸ್. ಲವಿನಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೆಜ್ಜೆಗಳು ಇಳಿದವು, ತಿರುವಿನಲ್ಲಿ ನಿಂತವು. ಪ್ಲಾಸ್ಟಿಕ್ ಚೀಲ ಸರಬರ ಎಂದಿತು. ಸಿಮೆಂಟಿನ ಮೇಲೆ ಚಪ್ಪಲಿ ಬಿದ್ದ ಸದ್ದು. ಬಳಿಕ ಇವಾನನ ದನಿ, ತಗ್ಗಿದ್ದರೂ ಸ್ಪಷ್ಟ:

“ಮನೆಯಲ್ಲಿ ಗಂಡ ಹೆಂಡತಿ ಇದ್ದಾರೆ ಅಂತಲೇ ಬರೀತೇನೆ, ಸುಳ್ಳಲ್ಲವಲ್ಲ. ಮೇಲೆ ಹೋಗಿ ಮಾರಾಯ್ರೆ, ನಿಮ್ಮ ಹೆಂಡತಿ ಇನ್ನೂ ತೆನೆ ಕುಡಿದಿಲ್ಲ.”