ನೆಲದಿಂದ ಏಳುವುದು

ಸೊಣ್ಣಮ್ಮ ಮಂಚದ ಕಾಲು ಹಿಡಿದುಕೊಂಡು, ಬೇಕೆಂದೇ, ಮೆಲ್ಲಗೆ ನೆಲಕ್ಕೆ ಜಾರಿ ಕೂತಳು. ಪಕ್ಕದಲ್ಲಿ ನಿಂತಿದ್ದ ಆಯಾ ರಾಜಾತಿಗೆ ಜೀವ ಬಾಯಿಗೆ ಬಂತು.

“ವೇಂಡಾಂ ಪಾಟೀ, ಬೇಡ ಅಜ್ಜೀ! ಮ್ಯಾನೇಜರ್ ಅಯ್ಯಾ ನೋಡಿದ್ರೆ ನನ್ ಕೆಲ್ಸ ಓಯ್ತದೆ. ಬಾ, ಎತ್ತಿ ಕೂರಿಸ್ತೀನಿ.”

“ಮುಟ್ಬೇಡ ಕಣೇ. ಬಾಗ್ಲು ಮುಚ್ಚು.”

ಸೇಲಂನ ಶೆವ್ವಾಪೇಟೆಯ ಆ ಮುದುಕಿಯರ ಆಶ್ರಮದಲ್ಲಿ ಬಿದ್ದವರಿಗೆ ಒಂದೇ ಕಟ್ಟಳೆ: ಮಂಚ. ಊಟ ಅಲ್ಲೇ, ಮಿಕ್ಕಿದ್ದೆಲ್ಲ ಅಲ್ಲೇ. ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಸೊಣ್ಣಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು, ಸೊಂಟಕ್ಕೂ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಕೈಗೆ ಹಾಕಿದ್ದ ಪ್ಲಾಸ್ಟರಿನ ಮಾವುಕಟ್ಟು ಬಿಚ್ಚಿದ ಮೇಲೂ ಮ್ಯಾನೇಜರ್ ಹಯಗ್ರೀವರಾಯರು ಅವಳನ್ನು ಏಳಗೊಡಲಿಲ್ಲ. ಅವರೇನೂ ಕೆಟ್ಟವರಲ್ಲ. ಅವತ್ತು ಜಟಕಾದಲ್ಲಿ ದಾರಿಯುದ್ದಕ್ಕೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಅವರೇ. ಆಗ ಹೊಕ್ಕ ಹೆದರಿಕೆ ಇನ್ನೂ ಬಿಟ್ಟಿರಲಿಲ್ಲ.

ಸೊಣ್ಣಮ್ಮನ ಹೆದರಿಕೆ ಬೇರೆ. ಬಿದ್ದ ನೋವು ಅವಳಿಗೆ ಮರೆತೇ ಹೋಗಿತ್ತು. ಮರೆಯದೇ ಉಳಿದದ್ದು ಆಮೇಲಿನ ಹೊತ್ತು. ಒದ್ದೆ ಕಲ್ಲಿನ ಮೇಲೆ ಕೆನ್ನೆಯಿಟ್ಟು, ಕೂಗಿ ಕೂಗಿ ಗಂಟಲು ಕಟ್ಟಿ, ಯಾರಾದರೂ ಬಂದು ಬಾಗಿಲು ತಟ್ಟಲಿ ಎಂದು ಕಾದದ್ದು. ಗಂಡ ಹೋದ ಮೇಲೂ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದು, ಸಂಜೆಗೆ ಯಾರ ಕೈಯನ್ನೂ ಕೇಳದೆ ಮೇಲೆದ್ದು ಬರುತ್ತಿದ್ದ ಹೆಂಗಸು ಅವಳು.

ಈಗ ಮೊಣಕಾಲೂರಿದಳು. ಮುರಿದು ಕೂಡಿಕೊಂಡಿದ್ದ ಕೈ ಭಾರ ತಡೆಯಲಿಲ್ಲ, ಧೊಪ್ಪನೆ ಕೂತುಬಿಟ್ಟಳು. ಇನ್ನೊಮ್ಮೆ ಊರಿದಳು. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ರಾಜಾತೀ! ಮತ್ತೆ ಬಿದ್ದರೇನೇ ಇವರು? ನೀನೇನು ಮಾಡ್ತಿದ್ದೆ?” ರಾಯರ ಮುಖ ಬಿಳಿಚಿಕೊಂಡಿತ್ತು. ಎತ್ತಲು ಬಗ್ಗಿದರು.

“ಅವ್ಳನ್ನ ಬೈಬೇಡಿ ಸಾಮಿ. ನಾನ್ ಬಿದ್ದಿಲ್ಲ, ಕೂತಿವ್ನಿ.” ಸೊಣ್ಣಮ್ಮ ಅವರ ಕೈ ಸರಿಸಿದಳು. “ಬೀಳ್ದೆ ಇರೋದು ನನ್ ಕೈಲಿಲ್ಲ. ಬಿದ್ಮೇಲೆ ಏಳೋದನ್ನಾದ್ರೂ ಕಲ್ತ್ಕೋತೀನಿ.”

“ಈ ವಯಸ್ಸಲ್ಲಿ ಯಾಕಮ್ಮ ಇಂಥ ಹಟ? ಎತ್ತೋಕೆ ನಾವಿಲ್ವೇ?”

“ಅವತ್ತು ಇದ್ರಾ ಸಾಮಿ?”

ರಾಯರು ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಗಟ್ಟಿಯಿದ್ದ ಕೈಯಲ್ಲಿ ಮಂಚದ ಅಂಚು ಹಿಡಿದಳು. ಒಂದು ಪಾದವನ್ನು ನೆಲಕ್ಕೊತ್ತಿ, ಹಲ್ಲು ಕಚ್ಚಿ, ಮೈಯನ್ನು ಮೇಲಕ್ಕೆಳೆದಳು. ಸೊಂಟ ಲಟ್ಟೆಂದಿತು. ರಾಯರ ಎರಡೂ ಕೈಗಳು ಅವಳ ಬೆನ್ನ ಹಿಂದೆ ಗಾಳಿಯಲ್ಲೇ ಮೇಲೇರುತ್ತಾ ಬಂದವು, ಮುಟ್ಟಲಿಲ್ಲ. ಸೊಣ್ಣಮ್ಮ ನಿಂತಳು. ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು, ಊಟದ ಪಡಸಾಲೆಯ ಕಡೆಗೆ ಹೊರಟಳು.

ಮರುವಾರ ರಾಯರು ಹೆಂಗಸರ ಕೊಠಡಿಗೆ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮಂಚಗಳೆಲ್ಲ ಖಾಲಿ. ಮುದುಕಿಯರೆಲ್ಲ ನೆಲದ ಮೇಲಿದ್ದರು, ನಡುವೆ ಸೊಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಯ್ಯಾ, ಕೊಂಜಂ ದಾರಿ ಬಿಡಿ,” ಎಂದಳು ರಾಜಾತಿ. “ಪೊನ್ನಮ್ಮ ಪಾಟಿ ಏಳ್ತಾವ್ರೆ.”